ಉಪವಾಸ ಅಂದರೇನು?

ಮಾರ್ಚ್ 11, ಬೆಳಿಗ್ಗೆ 10.20. ಇಳಕಲ್ಲಿನ ಮರೆವ್ವ ಬಾಗಲಕೋಟೆ ಠಾಣೆಯ ಮೆಟ್ಟಿಲೇರಿದಾಗ, ಬಂದಿದ್ದು ದೂರು ಕೊಡಲಿಕ್ಕೋ ತಪ್ಪೊಪ್ಪಿಕೊಳ್ಳಲಿಕ್ಕೋ ಎಂದು ಪಿಎಸ್‌ಐ ಬಸವೇಶ್ವರಿಗೆ ತಿಳಿಯಲಿಲ್ಲ.

"ಗಂಡನ್ನ ನಾನ ಕೊಂದೇನಿ ಅಂತಾರ್ರಿ ಬಾಯಾರ. ಖರೆ ಏನು, ನೀವ ಹೇಳ್ರಿ."

ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ ಆಕೆಯ ಗಂಡ ಪಾಂಡಪ್ಪನ ಮಿದುಳಿನ ಗೆಡ್ಡೆಯನ್ನು ಒಮ್ಮೆ ಕೊಯ್ದು ತೆಗೆದಿದ್ದರು. ಅದು ಮತ್ತೆ ಚಿಗುರಿದೆಯೇ ಎಂದು ನೋಡಲು ನವೆಂಬರ್ 3ರಂದು ಇಲ್ಲಿಯ ಖಾಸಗಿ ಕೇಂದ್ರವೊಂದರಲ್ಲಿ ಸ್ಕ್ಯಾನ್ ಆಗಿತ್ತು. ಏನೂ ಇಲ್ಲವೆಂದು ವರದಿ ಬಂತು, ಚಿಕಿತ್ಸೆ ನಿಂತಿತು. ಫೆಬ್ರುವರಿಯಲ್ಲಿ ಅದೇ ಗೆಡ್ಡೆಯಿಂದ ಸತ್ತ. ಕೇಳಲು ಹೋದ ಮರೆವ್ವನಿಗೆ ಕೇಂದ್ರದವರು, ಸ್ಕ್ಯಾನಿಗೆ ಮೊದಲು ನೀನೇ ತಿನ್ನಿಸಿ ಮುಚ್ಚಿಟ್ಟೆ ಎಂದು ಬಾಗಿಲು ತೋರಿಸಿದ್ದರು.

ಉಪವಾಸ ಬರಬೇಕೆಂದು ಹೇಳಿದ್ದರಂತೆ. ಉಪವಾಸವೇ ಇದ್ದ. ಮುಂಜಾನೆ ಎರಡು ಶೇಂಗಾ ಉಂಡಿ, ಒಂದು ಲೋಟ ಹಾಲು, ಅಷ್ಟೇ.

ಕಾನ್‌ಸ್ಟೆಬಲ್ ತೌಸಿಫ ತಲೆ ಎತ್ತಿದ. "ನಿಮ್ಮ ಉಪವಾಸದಾಗ ಊಟಕ್ಕಿಂತ ಫರಾಳದ ತಿಂಡಿ ಜಾಸ್ತಿ ನೋಡ್ರಿ ಮೇಡಂ."

ಬಸವೇಶ್ವರಿ ನಗಲಿಲ್ಲ. ತನ್ನ ಅವ್ವನ ಸೋಮವಾರದ ಉಪವಾಸವೂ ಹೀಗೆಯೇ.

11.30ಕ್ಕೆ ಎಫ್‌ಐಆರ್ ಆಯಿತು. ಮಧ್ಯಾಹ್ನ ಎರಡಕ್ಕೆ ಕೇಂದ್ರದಲ್ಲಿ ಪಂಚನಾಮೆ. ಔಷಧಿ ನೋಡಿಕೊಳ್ಳುವ ನಜಮಾ ಬಿಡಿಸಿ ಹೇಳಿದಳು: ಪ್ರೋಟೀನು ಕಟ್ಟುವ ಅಮೈನೋ ಆಮ್ಲಕ್ಕೆ ವಿಕಿರಣ ಸೂಸುವ ಕಣ ಜೋಡಿಸುತ್ತಾರೆ. ಗೆಡ್ಡೆ ಅದನ್ನು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ. ಹಿಂದಿನ ನಾಲ್ಕು ತಾಸಿನಲ್ಲಿ ಶೇಂಗಾ, ಹಾಲು ಒಳಗೆ ಹೋಗಿದ್ದರೆ ಅವುಗಳ ಪ್ರೋಟೀನಿನಿಂದ ಹೊಳಪು ಮಂಕಾಗಬಹುದು. ದೂರದ ಶಹರದಲ್ಲಿ ಬೆಳಗಿನ ಜಾವ ತಯಾರಾಗಿ ಸೀಸದ ಡಬ್ಬಿಯಲ್ಲಿ ಬರುವ ಔಷಧಿ ಅದು. ಅದರ ಶಕ್ತಿ ಸುಮಾರು ಎರಡು ತಾಸಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಕೇಂದ್ರದಲ್ಲಿದ್ದ ಪಾಂಡಪ್ಪನ ಅರ್ಜಿಯಲ್ಲಿ 'ಕೊನೆಯ ಆಹಾರ: ಹಿಂದಿನ ರಾತ್ರಿ' ಎಂದಿತ್ತು. ಆ ಅಕ್ಷರಗಳ ಅಡಿಯಲ್ಲಿ ವೈಟ್ನರ್ ಬಳಿದಿತ್ತು. ಮರೆವ್ವನ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾರ್ಬನ್ ಪ್ರತಿಯಲ್ಲಿ ಅದೇ ಕೈಬರಹ: 'ಶೇಂಗಾ ಉಂಡಿ, ಹಾಲು, 9.30.' ಆಕೆಗೆ ಓದು ಬಾರದು.

ಸ್ಕ್ಯಾನ್ ಮುಂದೂಡಬೇಕಿತ್ತೆಂದು ಸರ್ಕಾರಿ ವೈದ್ಯರ ಅಭಿಪ್ರಾಯ ಬಂದ ದಿನವೇ, ಮಾರ್ಚ್ 19, ಸಂಜೆ 5.40ಕ್ಕೆ, ಟೆಕ್ನಿಷಿಯನ್ ವಿಜಯಮಹಾಂತೇಶನ ಬಂಧನವಾಯಿತು.

"ಉಂಡಿ ತಿಂದಾನಂತ ಆಕಿ ಹೇಳಿದ್ಲು?" ಬಸವೇಶ್ವರಿ ಕೇಳಿದಳು.

"ಹೇಳಿದ್ಲರೀ."

"ಮತ್ಯಾಕ ಚುಚ್ಚಿದಿ?"

"ನಾಕು ತಾಸು ಕುಂದರಿಸಿದ್ರ ಔಷಧಿ ಸಾಯ್ತಿತ್ರಿ. ಹಾಳಾಗಬಾರ್ದು ಅಂತ ಮಾಲಕರ ಹುಕುಂ. ರೇಷನ್ ಕಾರ್ಡಿನ ಮಂದೀನ ಎರಡನೇ ಸಲ ಕರೀಬ್ಯಾಡ ಅಂದಿದ್ರು."

"ವೈಟ್ನರ್ ಯಾರ ಹುಕುಂ?"

"ಅದು ನನ್ನ ಅಂಜಿಕಿರೀ."

ಬಾಯಿಮಾತಿನ ಹುಕುಮಿಗೆ ಕಾಗದವಿರಲಿಲ್ಲ. ಆದರೂ ಎರಡನೇ ಆರೋಪಿಯ ಸಾಲಿನಲ್ಲಿ ಬಸವೇಶ್ವರಿ ಮಾಲಕನ ಹೆಸರನ್ನು ಒತ್ತಿ ಬರೆದಳು. ಹೊರಗೆ ಬಂದು, ನಿನ್ನದೇನೂ ತಪ್ಪಿಲ್ಲವ್ವಾ, ನೀನು ಹೇಳಿದ್ದನ್ನು ಅವನು ಬರೆದುಕೊಂಡಿದ್ದ ಎಂದು ಮರೆವ್ವನಿಗೆ ತಿಳಿಸಿದಳು.



"ನನಗಂತೂ ಓದಾಕ ಬರೂದಿಲ್ರಿ," ಎಂದಳು ಮರೆವ್ವ. "ಅವರಿಗೆ ಬರ್ತಿತ್ತಲ್ರಿ."