ಬೇಲಿ ದಾಟಿದ ಚುಕ್ಕಿಗಳು

ಮಧ್ಯಾಹ್ನದ ಮೀಟಿಂಗ್ ಮುಗಿಸಿ ಬಂದ ಸಂಶೋಧಕಿ ಸೂಕ್ಷ್ಮದರ್ಶಕದ ಪರದೆ ನೋಡಿದವಳೇ ನೆಲದ ಮೇಲೆ ಕುಸಿದು ಕೂತಳು. ಎರಡು ವರ್ಷ ಮಕ್ಕಳ ಹಾಗೆ ಸಾಕಿದ ಜೀವಕೋಶಗಳು ಗಾಜಿನ ತಟ್ಟೆಯಲ್ಲಿ ಒಡೆದು ಸತ್ತಿದ್ದವು. ಒಂದೂ ಉಳಿದಿರಲಿಲ್ಲ.

ಎರಡೂವರೆಗೆ ಇನ್ಸ್‌ಪೆಕ್ಟರ್ ಬಂದಳು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಆಕೆ ನೋಡಿದ ಹೆಣಗಳಿಗೆ ಲೆಕ್ಕವಿಲ್ಲ. ಆದರೆ ಕಣ್ಣಿಗೇ ಕಾಣದ ಹೆಣ ಇದೇ ಮೊದಲು.

"ಇವನೇ ಮಾಡಿದ್ದು," ಎಂದ ಪ್ರಯೋಗಾಲಯದ ಮುಖ್ಯಸ್ಥ, ಮೂಲೆಯಲ್ಲಿ ನಿಂತಿದ್ದ ಕನ್ನಡಕದ ಸಂಶೋಧಕನತ್ತ ಬೊಟ್ಟು ಮಾಡಿ. "ಈ ಯಂತ್ರಕ್ಕೋಸ್ಕರ ಇವಳ ಜೊತೆ ದಿನಾ ಜಗಳ. ಮೀಟಿಂಗಿಗೂ ತಡವಾಗಿ ಬಂದ, ಕೈ ಒದ್ದೆ. ಇವತ್ತೇ ಮನೆಗೆ ಕಳಿಸ್ತೀನಿ. ಇನ್ನು ಯಾವ ಪ್ರಯೋಗಾಲಯದವರೂ ಇವನನ್ನ ಒಳಗೆ ಬಿಟ್ಟುಕೊಳ್ಳಲ್ಲ."

"ಊಟಕ್ಕೆ ಕೈ ತೊಳ್ಕೊಂಡೆ, ಅಷ್ಟೇ!" ಕನ್ನಡಕದವನ ದನಿ ಬಿದ್ದುಹೋಗಿತ್ತು.

ಗಾಜು ತೊಳೆಯುವ ಹೆಂಗಸು ರಬ್ಬರ್ ಕೈಗವಸು ಬಿಚ್ಚಿ ಇನ್ಸ್‌ಪೆಕ್ಟರಿಗೆ ಒಂದು ಲೋಟ ನೀರು ತಂದಿಟ್ಟಳು. ಕಣ್ಣು ಕೆಂಪಾಗಿತ್ತು. ಪಾಪ, ಎಲ್ಲರ ಕಣ್ಣೂ ಅವತ್ತು ಹಾಗೇ ಇತ್ತು.

* * *

ಸೂಕ್ಷ್ಮದರ್ಶಕದ ಕ್ಯಾಮೆರಾ ತನ್ನ ಪಾಡಿಗೆ ಓಡುತ್ತಲೇ ಇತ್ತಂತೆ. "ಹಾಕಿ ನೋಡೋಣ," ಎಂದಳು ಇನ್ಸ್‌ಪೆಕ್ಟರ್.

ಕಪ್ಪು ಪರದೆಯ ಮೇಲೆ ಹೊಳೆಯುವ ಚುಕ್ಕಿಗಳು. ಆಕೆಗೆ ತಲೆಬುಡ ಅರ್ಥವಾಗಲಿಲ್ಲ.

"ಒಂದೊಂದು ಚುಕ್ಕೀನೂ ಒಂದೊಂದು ಪ್ರೋಟೀನು," ಎಂದಳು ಸಂಶೋಧಕಿ. "ಜೀವಕೋಶದ ಪೊರೆ ಎಣ್ಣೆ ಥರ. ಅದರಲ್ಲಿ ಇವು ತೇಲಾಡ್ತವೆ. ಪೊರೆ ಕೆಳಗೆ ಬೇಲಿ ಹಾಗೆ ಎಳೆಗಳಿವೆ. ನಮ್ಮ ನಿಮ್ಮ ಜೀವಕೋಶದಲ್ಲಿ ಚುಕ್ಕಿಗಳು ಆಗಾಗ ಬೇಲಿ ಹಾರಿ ಪಕ್ಕದ ಅಂಕಣಕ್ಕೆ ಹೋಗ್ತವೆ. ಇದು ಕಾಯಿಲೆ ಇದ್ದ ಮಗೂದು. ಬೇಲಿ ತೀರಾ ಬಿಗಿ. ಅಲ್ಲೇ ಸಿಕ್ಕಿಕೊಂಡು ಬಡಿದಾಡ್ತವೆ."

ನಿಜಕ್ಕೂ ಬಡಿದಾಡುತ್ತಿದ್ದವು.

ಹನ್ನೆರಡು ನಲವತ್ತಕ್ಕೆ ಚಿತ್ರ ಬದಲಾಯಿತು. ಜೀವಕೋಶ ನಿಧಾನವಾಗಿ ಉಬ್ಬತೊಡಗಿತು. ಒಂದು ಚುಕ್ಕಿ ಬೇಲಿ ದಾಟಿತು. ಇನ್ನೊಂದು ದಾಟಿತು. ಆಮೇಲೆ ಎಲ್ಲವೂ ಎತ್ತೆಂದರತ್ತ ಓಡಿದವು. ಒಂದು ಇಪ್ಪತ್ತಕ್ಕೆ ಎಲ್ಲ ಒಡೆದು ಪರದೆ ಖಾಲಿ.

"ಶುದ್ಧ ನೀರು," ಎಂದಳು ಸಂಶೋಧಕಿ. "ಬಿದ್ರೆ ಜೀವಕೋಶ ಉಬ್ಬುತ್ತೆ, ಪೊರೆ ಬೇಲಿ ಬಿಟ್ಟು ಮೇಲೇಳುತ್ತೆ. ಚುಕ್ಕಿಗಳಿಗೆ ತಡೆ ಇರಲ್ಲ. ಆಮೇಲೆ ಒಡೆದೇ ಹೋಗುತ್ತೆ."

"ಈ ಕನ್ನಡಕದವರು ಮೀಟಿಂಗಿಗೆ ಬಂದಿದ್ದು ಎಷ್ಟೊತ್ತಿಗೆ?" ಕೇಳಿದಳು ಇನ್ಸ್‌ಪೆಕ್ಟರ್.

"ಹನ್ನೆರಡೂವರೆಗೆ," ಎಂದ ಮುಖ್ಯಸ್ಥ. "ಒಂದೂವರೆಗೆ ಮುಗಿಯೋವರೆಗೂ ಎದ್ದಿಲ್ಲ." ಹೇಳಿದ ಮೇಲೆ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

* * *

ಪರದೆಗೆ ಒತ್ತಿಕೊಂಡಂತೆ ಒಂದು ಸ್ಟೂಲು ಇತ್ತು. ಅದರ ಪಕ್ಕದಲ್ಲಿ ಉದ್ದ ಮೂತಿಯ ಶುದ್ಧ ನೀರಿನ ಬಾಟಲಿ, ಗಾಜಿನ ಪಾತ್ರೆಗಳನ್ನು ಕೊನೆಯಲ್ಲಿ ಜಾಲಿಸುವಂಥದ್ದು. ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ ಕೂತು ಯೋಚಿಸಿದಳು.

"ಹೊಟ್ಟೆಕಿಚ್ಚಿನವನಿಗೆ ಒಂದು ನಿಮಿಷ ಸಾಕು. ಏನೋ ಸುರಿದು ಓಡಿಹೋಗ್ತಾನೆ. ಇಲ್ಲಿ ಯಾರೋ ತೊಟ್ಟು ತೊಟ್ಟಾಗಿ ನೀರು ಬಿಟ್ಟಿದ್ದಾರೆ, ನಲವತ್ತು ನಿಮಿಷ. ಕಣ್ಣು ಮಿಟುಕಿಸದೆ ನೋಡಿದ್ದಾರೆ. ಇದು ದ್ವೇಷ ಅಲ್ಲ. ಆ ಮಗು ಎಲ್ಲಿದೆ?"

"ಹೋದ ವರ್ಷ ತೀರ್ಕೊಂಡಳು."

"ಅವಳ ಅಮ್ಮ?"

ಸಂಶೋಧಕಿ ಮೂಲೆಯ ತೊಟ್ಟಿಯ ಕಡೆ ತಿರುಗಿದಳು.

ಗಾಜು ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ನಾನೇ," ಎಂದಳು. "ಕನ್ನಡಕದ ಸಾರ್ ಅವರದ್ದೇನೂ ತಪ್ಪಿಲ್ಲ, ಬಿಟ್ಟುಬಿಡಿ. ಹೋದ ವಾರ ಈ ಡಾಕ್ಟ್ರಮ್ಮ ಪ್ರೀತಿಯಿಂದ ಕರೆದು ತೋರಿಸಿದ್ರು, 'ನೋಡಿ, ನಿಮ್ಮ ಮಗಳದ್ದು ಇನ್ನೂ ಬದುಕಿದೆ' ಅಂತ. ನೋಡಿದೆ. ಗೋಡೆಗೆ ಬಡ್ಕೊಳ್ತಾ ಇತ್ತು. ಬದುಕಿದ್ದಾಗಲೂ ಹಾಸಿಗೇಲಿ ಹಂಗೇ ಒದ್ದಾಡಿದ್ಳು. ಸತ್ತ ಮೇಲೂ ಬಿಡುಗಡೆ ಇಲ್ವಾ? ಶುದ್ಧ ನೀರು ಬಿದ್ರೆ ಒಡೆದುಹೋಗುತ್ತೆ ಅಂತ ಕೆಲಸಕ್ಕೆ ಸೇರಿದ ದಿನಾನೇ ಹೇಳಿಕೊಟ್ಟಿದ್ರು. ಓಡಿದ್ವು, ಮೇಡಂ. ನೋಡಿದೆ. ಕಳಿಸಿಕೊಟ್ಟೆ."

ಅವಳು ಸಂಶೋಧಕಿಯ ಕಡೆ ತಿರುಗಿದಳು.

"ಸತ್ತವಳದನ್ನ ಇಟ್ಕೊಂಡು ಏನು ಮಾಡ್ತಿದ್ರಿ?"

ಈ ಪ್ರಶ್ನೆ ಬಾರದಿದ್ದರೆ ಚೆನ್ನಾಗಿತ್ತು. ಸಂಶೋಧಕಿ ಅಳುತ್ತಲೇ ಹೇಳಿದಳು. "ಬೇಲಿ ಸಡಿಲ ಮಾಡೋ ಔಷಧಿ. ನಾಳೆ ಆ ಜೀವಕೋಶಗಳ ಮೇಲೆ ಅದರ ಪರೀಕ್ಷೆ ಇತ್ತು. ನಿಮ್ಮ ಚಿಕ್ಕ ಮಗಳಿಗೋಸ್ಕರ. ಅವಳಿಗೂ ಅದೇ ಕಾಯಿಲೆ ಶುರುವಾಗಿದೆಯಲ್ಲ. ಅವಳದ್ದೇ ಜೀವಕೋಶ ತಗೊಂಡು ಮತ್ತೆ ಬೆಳೆಸೋಕೂ ಎರಡು ವರ್ಷ ಬೇಕು. ಅವಳ ಹತ್ರ ಅಷ್ಟು ದಿನ..."

"ನಂಗೆ ಯಾರೂ ಹೇಳ್ಲಿಲ್ವಲ್ಲ."

"ಖಾತ್ರಿ ಆಗೋವರೆಗೂ ಮನೆಯವರಿಗೆ ಹೇಳಬಾರದು ಅಂತ ನಮ್ಮ ನಿಯಮ," ಎಂದ ಮುಖ್ಯಸ್ಥ ನೆಲ ನೋಡುತ್ತ. "ಸುಮ್ಮನೆ ಆಸೆ ಹುಟ್ಟಿಸಬಾರದು ಅಂತ."

ಇನ್ಸ್‌ಪೆಕ್ಟರ್ ಕೈಯಲ್ಲಿ ದೂರಿನ ಕಾಗದವಿತ್ತು. ಕೇಸು ಬಗೆಹರಿದಿತ್ತು. ಇಷ್ಟು ನಿಷ್ಪ್ರಯೋಜಕಳೆಂದು ಆಕೆಗೆ ಎಂದೂ ಅನಿಸಿರಲಿಲ್ಲ.

ತಾಯಿ ಗೋಡೆಯ ಗಡಿಯಾರ ನೋಡಿದಳು. ಕೈಗವಸು ಒರೆಸಿ, ಮಡಿಸಿ, ತೊಟ್ಟಿಯ ಅಂಚಿಗೆ ಇಟ್ಟಳು.

"ನಾಲ್ಕಕ್ಕೆ ಸ್ಕೂಲ್ ಬಿಡುತ್ತೆ, ಮೇಡಂ," ಎಂದಳು. "ಈಗ ಅವಳಿಗೆ ಮೆಟ್ಟಿಲು ಇಳಿಯೋಕಾಗಲ್ಲ. ನಾನೇ ಎತ್ಕೋಬೇಕು."