ನಲವತ್ತೊಂದನೆಯ ನಿಯಮ

ಕಣ್ಣಿಗೆ ಕೊಡುವ ಆ ಚುಚ್ಚುಮದ್ದಿನ ಒಂದು ಸೀಸೆಗೆ ಹೊರಗಡೆ ಅಂಗಡಿಯಲ್ಲಿ ಒಬ್ಬ ಹೆಡ್ ಕಾನ್‌ಸ್ಟೆಬಲ್ಲರ ಐದು ತಿಂಗಳ ಸಂಬಳ ಸುರಿಯಬೇಕು. ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಅದೇ ಸೀಸೆ ಪುಕ್ಕಟೆ. ಆದರೆ ತಿಂಗಳಿಗೆ ಬರುವುದು ಆರೇ ಆರು. ಕಾಯುವವರು ನಲವತ್ತು ಜನ.

ಮಂಗಳವಾರ ಬೆಳಿಗ್ಗೆ 9:20ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಬಸ್ ಚಾಲಕನ ಫೋನಿನಲ್ಲಿ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪಟ್ಟಿಯ ಎರಡು ಫೋಟೊ ಇದ್ದವು.

“ನಿನ್ನೆ ಸಂಜೆ ನನ್ನ ಮಗಳು ಆರನೆಯವಳು, ಮೇಡಂ. ಇವತ್ತು ಎಂಟು. ಸಂಜೆ ಐದಕ್ಕೆ ಮದ್ದು ಕೊಡ್ತಾರೆ. ಈ ಸಲ ತಪ್ಪಿದ್ರೆ ಬಲಗಣ್ಣಿನ ಆಸೆ ಬಿಡಿ ಅಂದಿದಾರೆ ಡಾಕ್ಟರು.”

ಇನ್‌ಸ್ಪೆಕ್ಟರ್ ಗೋಡೆ ಗಡಿಯಾರ ನೋಡಿದರು. ಎಂಥ ಕೇಸಿಗೂ ಇಷ್ಟು ಗಟ್ಟಿ ಗಡುವು ಸಿಕ್ಕಿರಲಿಲ್ಲ. 9:45ಕ್ಕೆ ಎಫ್‌ಐಆರ್ ಆಯಿತು. 10:10ಕ್ಕೆ ಅವರು ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಹೆಡ್ ಕಾನ್‌ಸ್ಟೆಬಲ್ ಹಿಂದೆ ಏದುಸಿರು ಬಿಡುತ್ತಿದ್ದರು.

“ಪಟ್ಟಿ ತಿದ್ದೋಕೆ ಆಗೋದೇ ಇಲ್ಲ,” ಎಂದರು ದಾಖಲೆ ಕೊಠಡಿಯ ಮುಖ್ಯಾಧಿಕಾರಿ. “ಯಾಕಂದ್ರೆ ಅದನ್ನ ಯಾರೂ ಬರೆಯೋದೇ ಇಲ್ಲ. ನಮ್ಮ ಲಾಯರ್ ಹೇಳ್ತಾನೆ ಕೇಳಿ.”

ಲಾಯರ್ ಎಂದರೆ ಕಂಪ್ಯೂಟರಿಗೆ ನಿಯಮ ಬರೆಯುವ ಕನ್ನಡಕದ ಹುಡುಗ; ಅವನಿಗೆ ಕಚೇರಿ ಇಟ್ಟ ಹೆಸರು ಅದು.

“ನಾವು ಸಂಗತಿ ಹಾಕ್ತೀವಿ, ನಿಯಮ ಹಾಕ್ತೀವಿ, ಅಷ್ಟೇ ಮೇಡಂ. ಅಪ್ಪನ ತಮ್ಮ ಚಿಕ್ಕಪ್ಪ ಅನ್ನೋದು ನಿಯಮ. ನಿಮ್ಮ ಅಪ್ಪ ಯಾರು, ಅವರ ತಮ್ಮ ಯಾರು ಅಂತ ಹಾಕಿದ್ರೆ, ಚಿಕ್ಕಪ್ಪ ಯಾರು ಅಂತ ಅದೇ ಹೇಳುತ್ತೆ.”

“ಅಪ್ಪನಿಗೆ ನಾಲ್ಕು ಜನ ತಮ್ಮಂದಿರಿದ್ರೆ?” ಹೆಡ್ ಕಾನ್‌ಸ್ಟೆಬಲ್ ಕೇಳಿದರು.

“ನಾಲ್ವರೂ ಬರ್ತಾರೆ ಸರ್.”

“ನಮ್ಮನೇಲೂ ಹಾಗೇ. ಒಬ್ಬರನ್ನ ಊಟಕ್ಕೆ ಕರೆದ್ರೆ ನಾಲ್ವರೂ ಹಾಜರ್.”

ಇನ್‌ಸ್ಪೆಕ್ಟರ್ ನಗಲಿಲ್ಲ. ಎರಡು ಫೋಟೊಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿದರು. ಮೇಲೆ ಜಿಗಿದವರು ಇಬ್ಬರು: ಹನ್ನೊಂದರಲ್ಲಿದ್ದ ದರ್ಜಿ ಹೆಂಗಸು, ಹದಿನಾಲ್ಕರಲ್ಲಿದ್ದ ವಾಚ್ ರಿಪೇರಿಯವನು. ಇಬ್ಬರ ಹೆಸರಿನ ಮುಂದೂ ಹೊಸದಾಗಿ ‘ತುರ್ತು’ ಎಂದು ಬಿದ್ದಿತ್ತು.

“ಇದನ್ನ ಬರೆದೋರು ಯಾರು?”

“ಯಾರೂ ಅಲ್ಲ. ಯಾವುದೋ ನಿಯಮ ಬರೆದಿರುತ್ತೆ,” ಅಂದ ಲಾಯರ್.

“ಯಾವ ನಿಯಮ ಅಂತ ಕಂಪ್ಯೂಟರನ್ನೇ ಕೇಳೋಕಾಗುತ್ತಾ?”

ಲಾಯರನ ಬೆರಳುಗಳು ಕೀಲಿಗಳ ಮೇಲೆ ಒಂದು ಕ್ಷಣ ನಿಂತವು. “ಯಾಕಾಗಲ್ಲ? ಕೇಳಯ್ಯಾ!” ಅಂದರು ಅಧಿಕಾರಿ.

ಪರದೆಯಲ್ಲಿ ಉತ್ತರ ಮೂಡಿತು: ನಿಯಮ 41.

ಆದರೆ ನಿಯಮಗಳು ಇದ್ದದ್ದೇ ನಲವತ್ತು. ನಲವತ್ತೊಂದನೆಯದನ್ನು ಬೆಳಿಗ್ಗೆ 7:42ಕ್ಕೆ ಸೇರಿಸಿ, ಪಟ್ಟಿ ಅಚ್ಚಾದ ಮೇಲೆ 8:05ಕ್ಕೆ ಅಳಿಸಿದ್ದರು. ನಿಯಮ ಹೋಗಿತ್ತು, ಅದು ಬರೆದಿಟ್ಟ ‘ತುರ್ತು’ ಮಾತ್ರ ತನ್ನ ಕಾರಣವನ್ನು ಕಟ್ಟಿಕೊಂಡೇ ಉಳಿದಿತ್ತು. ಅಳಿಸಿದವರ ಹೆಸರು ಕೇಳಿದರೆ ಕೊಠಡಿಯ ಹೆಸರು ಬಂತು. ಐದು ಜನಕ್ಕೂ ಒಂದೇ ಪಾಸ್‌ವರ್ಡ್, ಅದೂ ಕೀಬೋರ್ಡಿನ ಕೆಳಗೆ ಚೀಟಿಯಲ್ಲಿ.

“ಬೀಗ ಹಾಕಿ, ಬೀಗದಕೈಯನ್ನ ಚಿಲಕಕ್ಕೇ ನೇತುಹಾಕಿದೀರಲ್ಲ ಸ್ವಾಮಿ,” ಅಂದರು ಹೆಡ್ ಕಾನ್‌ಸ್ಟೆಬಲ್.

ಗಂಟೆಗೊಮ್ಮೆ ತಾನಾಗಿ ಉಳಿಯುವ ನಕಲುಗಳಲ್ಲಿ ಎಂಟು ಗಂಟೆಯದನ್ನು ಹುಡುಕಿ, ಅಳಿಸಿದ ನಿಯಮವನ್ನು ತೆಗೆಯುವಷ್ಟರಲ್ಲಿ 1:30. ಇನ್‌ಸ್ಪೆಕ್ಟರ್ ಗಟ್ಟಿಯಾಗಿ ಓದಿದರು: ಆರು ತಿಂಗಳಿಗಿಂತ ಹೆಚ್ಚು ಕಾದವರು, ಕಸುಬು ಸೂಕ್ಷ್ಮ ಕೈಕೆಲಸ ಆಗಿದ್ದರೆ, ತುರ್ತು.

“ಹೆಸರೇ ಇಲ್ಲವಲ್ಲ ಮೇಡಂ,” ಅಂದರು ಹೆಡ್ ಕಾನ್‌ಸ್ಟೆಬಲ್.

“ಹೆಸರಿಲ್ಲ, ಗುರುತಿದೆ. ಒಬ್ಬರಿಗೋಸ್ಕರ ಬರೆದದ್ದು. ಇನ್ನೊಬ್ಬರು ನಿಮ್ಮ ಚಿಕ್ಕಪ್ಪಂದಿರ ಹಾಗೆ ಜೊತೆಗೆ ಬಂದವರು.” ಅವರು ಮೇಜುಗಳ ಕಡೆ ತಿರುಗಿದರು. “ಐದೂ ಮೇಜು ತೆಗೆಸಿ. ಇಬ್ಬರು ನರ್ಸಮ್ಮನವರನ್ನ ಪಂಚ ಸಾಕ್ಷಿಗಳಾಗಿ ಕರೀರಿ.”

3:10ಕ್ಕೆ, ನಾಲ್ಕನೆಯ ಮೇಜಿನ ಡ್ರಾಯರಿನಲ್ಲಿ, ಊಟದ ಡಬ್ಬಿಯ ಪಕ್ಕ ಒಂದು ಬಟ್ಟೆಯ ದಿಂಡು ಸಿಕ್ಕಿತು. ಅದರ ತುಂಬ ಸೂಜಿಗಳು. ಎಲ್ಲಕ್ಕೂ ದಾರ ಪೋಣಿಸಿತ್ತು. ಪಂಚನಾಮೆಗೆಂದು ಎಣಿಸಿದರು: ಮೂವತ್ತೆರಡು.

“ಏನಪ್ಪಾ ಇದು?”

ಲಾಯರ್ ಕನ್ನಡಕ ತೆಗೆದ. “ನಮ್ಮಕ್ಕಂದು. ಅವಳಿಗೆ ಸೂಜಿಕಣ್ಣು ಕಾಣಲ್ಲ. ನಾಳೆ ಕೆಲಸಕ್ಕೆ ಬೇಕಾದಷ್ಟನ್ನ ಮಧ್ಯಾಹ್ನ ಊಟದ ಹೊತ್ತಲ್ಲಿ ಪೋಣಿಸಿಡ್ತೀನಿ.”

“ಅಕ್ಕಂಗೆ ಗೊತ್ತಾ?”

“ಇಲ್ಲ. ದಮ್ಮಯ್ಯ, ಅವಳನ್ನ ಕೇಳಬೇಡಿ.”

“ನೇರವಾಗಿ ಅವಳ ಹೆಸರನ್ನೇ ಮೇಲೆ ಹಾಕಬಹುದಿತ್ತಲ್ಲ?”

“ಹೆಸರು ಹಾಕಿದ್ರೆ ಕಳ್ಳತನ ಅನ್ನಿಸ್ತಿತ್ತು ಮೇಡಂ. ನಿಯಮ ಬರೆದೆ, ನ್ಯಾಯ ಅನ್ನಿಸ್ತು.”

3:40ಕ್ಕೆ ದಸ್ತಗಿರಿ. ಆದರೆ ಅಧಿಕಾರಿಗೆ ಎರಡು ‘ತುರ್ತು’ ತೆಗೆದು ಪಟ್ಟಿ ಮತ್ತೆ ಹುಟ್ಟಿಸುವುದು ಗೊತ್ತಿರಲಿಲ್ಲ. ಲಾಯರನೇ ಪಕ್ಕ ನಿಂತು, ಯಾವುದಾದ ಮೇಲೆ ಯಾವುದನ್ನು ಒತ್ತಬೇಕೆಂದು ಒಂದೊಂದಾಗಿ ಹೇಳಿಕೊಟ್ಟ. 4:25ಕ್ಕೆ ಹೊಸ ಪಟ್ಟಿ ಬಂತು. ಚಾಲಕ ಅದನ್ನು ಮೂರು ಸಲ ಓದಿ, ಮಗಳನ್ನು ಎತ್ತಿಕೊಂಡೇ ಕಾರಿಡಾರಿನಲ್ಲಿ ಓಡಿದ.

ಐದು ಗಂಟೆಗೆ ಆರು ಜನಕ್ಕೆ ಮದ್ದು ಸಿಕ್ಕಿತು. ಚಾಲಕನ ಮಗಳ ಬಲಗಣ್ಣು ಉಳಿಯಿತು. ಲಾಯರನ ಕೆಲಸ ಹೋಯಿತು. ವಾಚ್ ರಿಪೇರಿಯವನಿಗೆ ತಾನು ಅರ್ಧ ದಿನ ನಾಲ್ಕನೆಯವನಾಗಿದ್ದ ವಿಷಯ ತಿಳಿಯಲೇ ಇಲ್ಲ. ಅಕ್ಕ ಹನ್ನೊಂದಕ್ಕೆ ಇಳಿದಳು. ಅವಳ ಸರದಿ ಬರುವುದು ಮುಂದಿನ ತಿಂಗಳು.