ಮೋರಿಗಲ್ಲಿನ ಕೆಂಪು ಗುರುತು

ನಲ್ಲಿ ತಿರುಗಿಸಿದರೆ ಬಂದದ್ದು ಗಾಳಿ. ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ಅದೂ ನಿಂತುಹೋಯಿತು.

ಗಂಗೋತ್ರಿ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದಳು. ಬೀದಿಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು. ಪ್ರತಿ ಬಾಗಿಲ ಮುಂದೆಯೂ ಒಂದು ನಲ್ಲಿ, ಒಂದು ಖಾಲಿ ಬಕೆಟ್ಟು, ಬೈಯುತ್ತ ನಿಂತ ಒಬ್ಬಳು ಹೆಂಗಸು.

"ನಿಮ್ಮನೇಲೂ ಇಲ್ವಾ?"

"ಹನಿ ಇಲ್ಲ ಕಣೆ! ನಿನ್ನೆ ಟ್ಯಾಂಕ್ ತುಂಬಿ ಸುರೀತಿತ್ತು!"

"ಅಂಗಾದ್ರೆ ಮತ್ತೆ ಯಾರೋ ವಾಲ್ ಮುಚ್ಚವ್ರೆ!"

ಚಳಿಗಾಲದಿಂದೀಚೆಗೆ ಇದು ಮೂರನೆಯ ಸಲ.

ನೇರಳೇಕುಂಟೆ ಎಂಬುದು ಆಂಧ್ರದ ಮಡಕಶಿರಾದಿಂದ ಹೇಮಾವತಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗೆ ಸರಿದ ಊರು. ಕಳೆದ ಬೇಸಿಗೆಯವರೆಗೂ ಊರಿಗೆಲ್ಲ ಇದ್ದದ್ದು ಒಂದೇ ಕೈ ಬೋರಿಂಗು. ಪಂಚಾಯಿತಿಯ ಸರ್ಪಂಚ್ ನಾಗವೇಣಮ್ಮ ಮಡಕಶಿರಾದ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಮನೆಮನೆಗೂ ನಲ್ಲಿ ತಂದರು. ಬೀದಿದೀಪ ಹಾಕಿಸಿದರು. ಶಾಲೆಗೆ ಕಾಂಪೌಂಡು ಕಟ್ಟಿಸಿದರು. ಅದಕ್ಕೂ ಮುಂಚೆ ಅವರು ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕುಯ್ಯುವ ಕೂಲಿಯವರು. ಗಂಡ ಸತ್ತು ಬಹಳ ವರ್ಷವಾಗಿತ್ತು. ಸರ್ಪಂಚ್ ಸ್ಥಾನ ಹೆಂಗಸರಿಗೆ ಮೀಸಲು ಎಂದು ಬಂದಾಗ ಸೊಪ್ಪು ಕುಯ್ಯುವ ಗುಂಪಿನವರೇ ಅವರನ್ನು ನಿಲ್ಲಿಸಿ ಗೆಲ್ಲಿಸಿದ್ದರು.

ಗಂಗೋತ್ರಿ ಅಲ್ಲಿನ ಗ್ರಾಮ ಸಚಿವಾಲಯದ ಮಹಿಳಾ ಪೊಲೀಸು. ಲಾಠಿ ಇಲ್ಲ, ಜೀಪಿಲ್ಲ. ಹೆಸರಿನಲ್ಲಿ ಮಾತ್ರ ಪೊಲೀಸು. ರಾಯದುರ್ಗದವಳು. ಊರಿಗೆ ಬಂದು ವರ್ಷವಾದರೂ ಅವಳ ಮಾತಿನ ತುದಿಯ 'ರಿ' ಇಲ್ಲಿನವರಿಗೆ ಇನ್ನೂ ತಮಾಷೆ. ಸಂಜೆ ತಾಯಿಗೆ ಫೋನು ಮಾಡಿದರೆ ಆ ಕಡೆಯಿಂದ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದೂ ಕೇಳುತ್ತಿತ್ತು. ಫೋನು ಇಟ್ಟ ಮೇಲೆ ಅವಳ ಬಾಡಿಗೆ ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರುತ್ತಿರಲಿಲ್ಲ.

ನೀರು ಬಿಡುವ ಓಬಣ್ಣ ಬೆಳಗಿನ ಹೊತ್ತು ದೂರದ ತೋಟದಲ್ಲಿರುತ್ತಾನೆ. ಅವನು ಬರುವವರೆಗೆ ಬೇರೆ ದಾರಿಯಿಲ್ಲ. ಊರು ಹಳೆಯ ಬೋರಿಂಗಿನ ಕಡೆ ಹೊರಟಿತು. ಗಂಗೋತ್ರಿಯೂ ತನ್ನ ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಹೊರಟಳು.

ಬಿಂದಿಗೆಗಳೆಲ್ಲ ಅಟ್ಟ ಸೇರಿದ್ದವು. ಒಬ್ಬಳು ಜೇಡರ ಬಲೆ ಒರೆಸುತ್ತ ಬಂದಳು. ಇನ್ನೊಬ್ಬಳು ಹುರುಳಿ ಸುರಿದು ಬರಿದು ಮಾಡಿಕೊಂಡು ಬಂದಳು. ಎಲ್ಲರಿಗಿಂತ ಕೊನೆಗೆ ಬಂದವಳು ಓಬಣ್ಣನ ಹೆಂಡತಿ. ಅವಳ ಬಿಂದಿಗೆಯ ಬಾಯಲ್ಲಿ ಇನ್ನೂ ರಾಗಿ ಅಂಟಿತ್ತು.

ಪಾಳಿಯ ಮೊದಲಲ್ಲಿ ನಾಗವೇಣಮ್ಮ. ಹಿತ್ತಾಳೆ ಬಿಂದಿಗೆ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ತಲೆಯ ಮೇಲೆ ಸೀರೆ ಬಟ್ಟೆಯ ಸಿಂಬಿ. ಬೋರಿಂಗಿನ ಹಿಡಿಯನ್ನು ಎರಡು ಸಲ ಒತ್ತಿದರು—ತಿಳಿನೀರು ಧುಮುಕಿತು.

"ಏನೇ ನಾಗಿ, ಕುರ್ಚಿ ಮೇಲೆ ಕೂತು ಕೂತು ತೋಳು ಬಿದ್ದೋಗವಾ? ಜೋರಾಗ್ ಹೊಡಿ!"

"ನೀನ್ ತಂದ ನಲ್ಲಿಗೆ ಬೆಂಕಿ ಬೀಳ! ಸರ್ಕೊಳ್ಳೇ, ಒಂಟಿ ಜೀವಕ್ಕೆ ಎಷ್ಟು ಬಿಂದಿಗೆ?"

"ನನ್ನ ನಲ್ಲಿ ನೀರ್ ಕುಡ್ದು ನಿಮ್ ಬಾಯಿ ಎಷ್ಟುದ್ದ ಆಗೈತೆ ನೋಡ್ರೇ!" ಎಂದು ನಾಗವೇಣಮ್ಮ ಸೆರಗು ಜಾರುವಂತೆ ನಕ್ಕರು.

ಗಂಗೋತ್ರಿ ನೋಡುತ್ತ ನಿಂತಳು. ಈ ಹೆಂಗಸು ನಗುವುದನ್ನು ಅವಳು ಕಚೇರಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಪೊಲೀಸಮ್ಮ, ನಿಮ್ ಬಿಂದಿಗೆ ಇಡ್ರೀ… ಬರ್ರೀ… ಹೌದ್ರೀ!" ಯಾರೋ ಅಣಕಿಸಿದರು. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಬಿಂದಿಗೆ ಇಡಲು ಬಗ್ಗಿದಾಗ, ಪಕ್ಕದ ಒಣ ಮೋರಿಯ ಕಲ್ಲಿನ ಮೇಲೆ ಒಂದು ಕೆಂಪು ಪಟ್ಟೆ ಕಾಣಿಸಿತು. ಸಂದಿಯಲ್ಲಿ ನಿಂತಿದ್ದ ಕೆಂಪು ಕೆಸರು ಕಾಲಿಗೆ ತಗುಲಿತು. ಕಾಲು ತೊಳೆದುಕೊಂಡಳು. ಮರೆತಳು.

ಓಬಣ್ಣ ಓಡಿ ಬರುವಾಗ ಬಿಸಿಲೇರಿತ್ತು. ಟ್ಯಾಂಕಿನ ಕೆಳಗಿನ ಗುಂಡಿಯ ಮೇಲಿದ್ದ ಚಪ್ಪಡಿ ಸರಿಸಿದ. ವಾಲ್ ಬಿಗಿಯಾಗಿ ಮುಚ್ಚಿತ್ತು. ತಿರುಗಿಸಿದ. ಪೈಪಿನೊಳಗೆ ನೀರು ಇಳಿದ ಸದ್ದಾಯಿತು.

"ಯಾರೋ ಮುಚ್ಚವ್ರೆ ಕಣ್ರಪ್ಪ."

"ಯಾರೋ ಅಂದ್ರೆ?" ವಾರ್ಡ್ ಮೆಂಬರ್ ಪಾಲಯ್ಯ ಮುಂದೆ ಬಂದ. "ವಾಲ್ ಮುಟ್ಟೋನು ನೀನೊಬ್ಬ. ಕ್ಯಾನ್ ನೀರು ಮಾರೋ ಹರೀಶ ನಿಂಗೇನು ಬೀಗನಾ? ನಲ್ಲಿ ನಿಂತ್ರೆ ಅವನ ವ್ಯಾಪಾರ ಆಯ್ತದೆ. ನಿಂಗೆಷ್ಟು ಬತ್ತದೆ?"

"ಪಾಲಣ್ಣ, ದೇವ್ರಾಣೆ—"

"ದೇವ್ರು ಸಾಯಂಕಾಲ ಗ್ರಾಮಸಭೆಗೆ ಬರಲ್ಲ. ನಾವ್ ಬತ್ತೀವಿ. ನಿನ್ನ ಕೆಲ್ಸದಿಂದ ತೆಗೀದೆ ಏಳಾಕಿಲ್ಲ!"

ಗುಂಪು ಹೂಂಗುಟ್ಟಿತು. ಅಷ್ಟರಲ್ಲಿ ನಾಗವೇಣಮ್ಮ ಬಂದರು. ಗಲಾಟೆ ಒಮ್ಮೆಲೇ ನಿಂತಿತು. ಗಂಡಸರು ಟವಲು ಹೆಗಲಿಂದ ಇಳಿಸಿದರು. ಆಗಷ್ಟೇ ಬೈದಿದ್ದ ಹೆಂಗಸರೂ ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ನಾಗವೇಣಮ್ಮ ಕುಳಿತುಕೊಳ್ಳಲಿಲ್ಲ. ಓಬಣ್ಣನ ಮುಖ ನೋಡಿ ಅವರ ಮುಖವೂ ಬಿಳುಚಿತು.

"ಅವನ್ನ ಬೈಬೇಡಿ," ಎಂದರು. "ಯಾರು ಅಂತ ಗೊತ್ತಿಲ್ದೆ…"

"ಗೊತ್ತು ಮಾಡ್ಲಿ. ಪೊಲೀಸು ಅಂತ ಒಬ್ರನ್ನ ಕೊಟ್ಟವ್ರಲ್ಲ ಗೌರ್ಮೆಂಟೋರು," ಎಂದ ಪಾಲಯ್ಯ. "ಸಾಯಂಕಾಲದ ತಂಕ ಟೈಮು."

ಗಂಗೋತ್ರಿ ಓಬಣ್ಣನನ್ನು ನೆರಳಿಗೆ ಕರೆದಳು.

"ಹೇಳ್ರಿ ಓಬಣ್ಣ. ವಾಲ್ ಮುರಿದಿತ್ತೇನ್ರಿ?"

"ಇಲ್ಲ ಕಣಮ್ಮ. ಅದೇ ನಂಗೂ ಅರ್ಥ ಆಗ್ತಿಲ್ಲ. ಹೊಟ್ಟೆಕಿಚ್ಚಿನೋನು ಕಲ್ಲಲ್ಲಿ ಜಜ್ಜತಾನೆ. ಇದು ಮೆಲ್ಲಗೆ ತಿರುವಿ, ಚಪ್ಪಡಿ ಸಮ ಮಾಡಿ ಹೋಗವ್ರೆ. ಪಾಪ ಅಂದ್ಕೊಂಡು ಮುಚ್ಚಿದಂಗೈತೆ." ಅವನು ಕಣ್ಣೊರೆಸಿಕೊಂಡ. "ಕೆಲ್ಸ ಹೋದ್ರೆ ಕೂಲಿ ಮಾಡ್ತೀನಿ. ಆದ್ರೆ ಊರಿಗೆ ನೀರು ನಿಲ್ಸಿದ ಅಂತ ಅಂದ್ರಲ್ಲ—ಆ ಮಾತು ಹೊತ್ಕೊಂಡು ಯಾವ ಬೀದೀಲಿ ಓಡಾಡ್ಲಿ?"

ಹರೀಶ ಆಟೋದ ಬಳಿ ಸಿಕ್ಕ. ಸಿಟ್ಟಿನಲ್ಲಿದ್ದ.

"ನೀರು ನಿಲ್ಲೋದು ನಿಮಗ ಮೊದಲೇ ಗೊತ್ತಿತ್ತಂತ ಹೌದೇನ್ರಿ?"

"ಗೊತ್ತಿದ್ರೆ ಖಾಲಿ ಕ್ಯಾನ್ ಹೊತ್ಕೊಂಡು ಬತ್ತಿದ್ನಾ ಮೇಡಂ? ನೋಡಿ! ಹತ್ತು ಜನ ಕೇಳಿದ್ರು, ತುಂಬಿದ್ದು ಇದ್ದಿದ್ದು ನಾಲ್ಕೇ. ಮುಚ್ಚೋ ಮುಂಡೇಮಗ ನಂಗೊಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?"

ಉಳಿದವಳು ಬೊಮ್ಮಕ್ಕ. ಮನೆ ಬೋರಿಂಗಿಗೆ ಎದುರೇ. ಒಂಟಿ ಮುದುಕಿ. 'ಜನ ಬಂದ್ರೆ ಅವಳಿಗೆ ಹಬ್ಬ, ಅವಳೇ ಮುಚ್ಚಿರ್ಬೇಕು' ಎಂದು ಒಬ್ಬಿಬ್ಬರು ಪಿಸುಗುಟ್ಟಿದ್ದರು. ಗಂಗೋತ್ರಿಗೂ ಹಾಗೇ ಅನ್ನಿಸಿತ್ತು. ಜಗಲಿಯ ಮೇಲೆ ಕುಳಿತು ಕೇಳಿದಳು:

"ಅಜ್ಜಿ, ಜನ ಬಂದ್ರ ನಿಮಗ ಖುಷಿ ಅಲ್ಲೇನ್ರಿ?"

"ಖುಷಿ ಯಾತರದ್ದು? ಮೋರಿ ತುಂಬ ಕೊಚ್ಚೆ ಮಾಡಿ ಹೋಯ್ತಾವೆ ಮುಂಡೇವು." ಮುದುಕಿ ಎಡಗೈಯಿಂದ ಎಲೆ ಅಡಿಕೆ ಕುಟ್ಟುತ್ತಿದ್ದಳು. ಬಲತೋಳು ಮಡಿಲಲ್ಲಿ ಬಿದ್ದಿತ್ತು. "ಬಿದ್ದು ತೋಳು ಮುರಿದ್ಮೇಲೆ ಜಡೆ ಹಾಕ್ಕಳಾಕೂ ಆಗಲ್ಲ. ನಾನು ಚಪ್ಪಡಿ ಎತ್ತುದ್ನಾ? ಕೇಳೋದ್ ಕೇಳು."

"ನಿನ್ನೆ ಸಂಜಿ ಬೋರಿಂಗಿಗೆ ಯಾರರ ಬಂದಿದ್ರೇನ್ರಿ?"

ಕುಟ್ಟಾಣಿ ನಿಂತಿತು.

"ಬಂದ್ರೆ ಬಂದ್ರು. ನೀರು ಹೊಡ್ಯೋದು ಕಳ್ಳತನವಾ?"

"ಯಾರು ಅಜ್ಜಿ?"

"ನಂಗೆ ಸಂಜೆ ಮೇಲೆ ಕಣ್ ಕಾಣಲ್ಲ ಕಣವ್ವ." ಕುಟ್ಟಾಣಿ ಮತ್ತೆ ಶುರುವಾಯಿತು. "ಸದ್ದು ಕೇಳ್ತದೆ. ಒಬ್ರೇ ಹೊಡೀತಿದ್ರೆ ಆ ಸದ್ದೇ ಬ್ಯಾರೆ."

ಗಂಗೋತ್ರಿ ಎದ್ದಳು. ಮೋರಿಯ ಕಲ್ಲಿನ ಮುಂದೆ ಅವಳ ಕಾಲು ತಾನಾಗಿ ನಿಂತಿತು. ಕೆಂಪು ಪಟ್ಟೆ ಈಗ ಒಣಗಿತ್ತು. ಬೆರಳಿನಿಂದ ಉಜ್ಜಿದಳು. ತುಕ್ಕು.

ರಾಯದುರ್ಗದ ಅವಳ ಓಣಿಯಲ್ಲೂ ಒಂದು ಬೋರಿಂಗಿತ್ತು. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಹಿಡಿದರೆ ಮೈ ಬೆವರುವವರೆಗೆ ಹೊಡೆದರೂ ಗಾಳಿ. ಆಮೇಲೆ ಬಿಂದಿಗೆಗಟ್ಟಲೆ ಕೆಂಪು ನೀರು. ಅದನ್ನೆಲ್ಲ ಹೊರಗೆ ಚೆಲ್ಲಿದ ಮೇಲೇ ತಿಳಿನೀರು.

ಇಲ್ಲಿ ಬೆಳಗ್ಗೆ? ಎರಡೇ ಒತ್ತಿಗೆ ತಿಳಿನೀರು!

ಅವಳು ಅಲ್ಲೇ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕುಳಿತಿದ್ದಳು. ಪತ್ತೆ ಹಚ್ಚಿದ ಸಂತೋಷ ಬರಲಿಲ್ಲ.

ಸಂಜೆ, ಗ್ರಾಮಸಭೆಗೆ ಮುಂಚೆ, ನಾಗವೇಣಮ್ಮ ಪಂಚಾಯಿತಿ ಕೋಣೆಯಲ್ಲಿ ಒಬ್ಬರೇ ಇದ್ದರು. ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗೆ ಜನ ಸೇರುವ ಸದ್ದು.

"ಸಿಕ್ಕಿದ್ರಾ?" ಎಂದರು.

"ಸಿಕ್ಕಾರ್ರಿ." ಗಂಗೋತ್ರಿ ಬಾಗಿಲು ಮುಂದೆ ಮಾಡಿದಳು. "ವಾಲ್ ಮುಚ್ಚಿದವ್ರು ನಿನ್ನೆ ಸಂಜೀನೇ ಬೋರಿಂಗಿಗೆ ಬಂದು ಕೆಂಪು ನೀರೆಲ್ಲ ಹೊಡೆದು ಚೆಲ್ಲಿದ್ರು. ಬೆಳಗ್ಗೆ ಬರೋ ಹೆಣ್ಮಕ್ಕಳಿಗೆ ತಿಳಿನೀರು ಸಿಗಲಿ ಅಂತ. ನೀರು ನಿಲ್ಲಿಸೋರಿಗೆ ಇಷ್ಟು ಕಾಳಜಿ ಯಾಕ್ರಿ?"

ನಾಗವೇಣಮ್ಮ ಮೇಜಿನ ಮೇಲಿದ್ದ ಅರ್ಜಿಗಳನ್ನು ಜೋಡಿಸತೊಡಗಿದರು.

"ಬೊಮ್ಮಕ್ಕಗ ತೋಳು ಎತ್ತಾಕ ಆಗಂಗಿಲ್ಲ. ಹರೀಶನ ಕ್ಯಾನ್ ಖಾಲಿ ಇದ್ವು. ಓಬಣ್ಣನ ಹೆಂಡ್ತಿ ರಾಗಿ ಸುರಿದು ಬಿಂದಿಗಿ ತಂದ್ಳು—ಗಂಡ ಮುಚ್ಚಿದ್ರ ಮನಿಯಾಗ ನೀರು ತುಂಬಿಟ್ಕೊತಿದ್ಳು. ಊರಾಗ ಎಲ್ಲರ ಬಿಂದಿಗಿ ಧೂಳು. ಒಂದು ಬಿಂದಿಗಿ ಮಾತ್ರ ಹುಣಸೆಹಣ್ಣಿನಾಗ ತಿಕ್ಕಿ ತೊಳೆದಿತ್ತು. ಸಿಂಬಿನೂ ಸುತ್ತಿ ತಯಾರಿತ್ತು." ಅವಳ ದನಿ ಇಳಿಯಿತು. "ನೀವೇ ಅಲ್ಲೇನ್ರಿ ಮೇಡಂ?"



"ಮೇಡಂ," ಎಂದು ನಾಗವೇಣಮ್ಮ ಆ ಮಾತನ್ನೇ ತಿರುಗಿ ಅಂದರು. "ಎಲ್ರೂ ಅದೇ ಅಂತಾರೆ. ಸೊಪ್ಪಿನ ತೋಟದ ಕಡೆ ಹೋದ್ರೆ ಮಾತು ನಿಲ್ಲಿಸಿ ಎದ್ದು ನಿಂತ್ಕೊತಾರೆ. ಬಾಗಿಲಿಗೆ ಬಂದೋರು ಅರ್ಜಿ ಕೊಟ್ಟು ಹೋಗ್ತಾರೆ. ಒಳಕ್ ಬನ್ರೇ, ಕಾಪಿ ಕುಡೀರಿ ಅಂದ್ರೆ, ಬ್ಯಾಡ ಮೇಡಂ ಅಂತಾರೆ. ನಲ್ಲಿ ತಂದಿದ್ದೂ ನಾನೇ. ತಂದ್ಮೇಲೆ ಬೋರಿಂಗ್ ಹತ್ರ ಬರೋರೂ ಇಲ್ದಂಗಾಯ್ತು. ಮೊದ್ಲ ಸಲ ಅದಾಗೇ ವಾಲ್ ಕೆಟ್ಟು ನೀರು ನಿಂತಿತ್ತಲ್ಲ ಚಳಿಗಾಲ್ದಾಗೆ, ಆವತ್ತು ಬೋರಿಂಗ್ ಹತ್ರ ಸಿಟ್ಟಿಗೆ ನನ್ನ ಬೈದ್ರು. ಹೆಸರಿಡಿದು ಬೈದ್ರು ಕಣಮ್ಮ! 'ನಾಗಿ' ಅಂದ್ರು." ಅವರು ಕುರ್ಚಿಯ ಕೈ ಸವರಿದರು. "ಅದುಕ್ಕೇ…"

"ಓಬಣ್ಣ?"

"ಅವನ ಮ್ಯಾಲೆ ಬೀಳ್ತದೆ ಅಂತ ಅನ್ಕೊಂಡಿರ್ಲಿಲ್ಲ. ಗಂಟೆ ಹೊತ್ತು ನೀರಿಲ್ದಿದ್ರೆ ಏನು ಅಂದ್ಕೊಂಡೆ." ಎದ್ದರು. ಸೆರಗು ಬಿಗಿದರು. "ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ಬೀದಿದೀಪದ ಕೆಳಗೆ ಊರೆಲ್ಲ ಕುಳಿತಿತ್ತು. ಓಬಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಪಾಲಯ್ಯ ಬಾಯಿ ತೆರೆಯುವ ಮುಂಚೆಯೇ ನಾಗವೇಣಮ್ಮ ಹೇಳಿದರು:

"ವಾಲ್ ಮುಚ್ಚಿದ್ದು ನಾನು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 

ಆಮೇಲೆ ಹಿಂದಿನ ಸಾಲಿನಿಂದ ಯಾರೋ ಅಂದರು: "ನೋಡಿದ್ರಾ? ಬಡವನ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ತಮ್ಮೇಲೆ ಹಾಕ್ಕೊಂಡ್ರು!"

"ದೊಡ್ಡ ಮನಸ್ಸು ಕಣಪ್ಪ!"

"ಇಲ್ಲ, ನಿಜ್ವಾಗ್ಲೂ ನಾನೇ—"

ಚಪ್ಪಾಳೆ ಎದ್ದಿತು. ಓಬಣ್ಣ ಓಡಿ ಬಂದು ಕಾಲಿಗೆ ಬಿದ್ದ. ಪಾಲಯ್ಯ ಟವಲಿನಿಂದ ಕಣ್ಣೊರೆಸಿಕೊಂಡು, "ಆಯ್ತು ಮೇಡಂ, ಓಬಣ್ಣನ ಸುದ್ದಿ ಬಿಟ್ವಿ," ಎಂದ.

ಗಂಗೋತ್ರಿ ಎದ್ದು ನಿಂತಳು. "ಅವರು ಹೇಳಿದ್ದು ಖರೇನ್ರಿ. ನಾನ ಪತ್ತೆ ಮಾಡೀನಿ."

"ಪೊಲೀಸಮ್ಮನ್ನೂ ಒಪ್ಸವ್ರೆ!" ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ನಾಗವೇಣಮ್ಮ ಗುಂಪನ್ನು ನೋಡುತ್ತ ನಿಂತೇ ಇದ್ದರು. ಸೊಪ್ಪಿನ ಗುಂಪಿನ ಹೆಂಗಸರು ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ಬೊಮ್ಮಕ್ಕ ಒಬ್ಬಳೇ ಕೈ ಮುಗಿಯಲಿಲ್ಲ. ತೋಳು ನೋವಿಗಿರಬೇಕು ಎಂದುಕೊಂಡಳು ಗಂಗೋತ್ರಿ.

ಮರುದಿನ ಬೆಳಗ್ಗೆ ಎಲ್ಲ ನಲ್ಲಿಗಳಲ್ಲೂ ನೀರು ಬಂತು. ಬೀದಿಯಲ್ಲಿ ಯಾರೂ ಇರಲಿಲ್ಲ. ದೂರದಿಂದ ಬೋರಿಂಗಿನ ಸದ್ದು ಕೇಳುತ್ತಿತ್ತು—ಒಬ್ಬರೇ ಹೊಡೆಯುವ ಸದ್ದು. ಬೊಮ್ಮಕ್ಕ ಹೇಳಿದ್ದು ನಿಜ. ಆ ಸದ್ದೇ ಬೇರೆ.

ಗಂಗೋತ್ರಿ ತುಂಬುತ್ತಿದ್ದ ನಲ್ಲಿಯನ್ನು ನಿಲ್ಲಿಸಿದಳು. ಬಿಂದಿಗೆಯಲ್ಲಿದ್ದ ನೀರನ್ನು ಬಾಗಿಲಿನ ಕರಿಬೇವಿನ ಗಿಡಕ್ಕೆ ಸುರಿದಳು. ಬೋರಿಂಗಿಗೆ ಹೋಗಿ, ಹೊಡೆಯುತ್ತಿದ್ದ ನಾಗವೇಣಮ್ಮನ ಹಿಂದೆ ನಿಂತಳು. 

"ಸರ್ಕೊಳ್ರಿ ಮೇಡಂ… ಹಿಂದ ಪಾಳಿ ಐತ್ರಿ."

ಜಗಲಿಯ ಮೇಲಿಂದ ಬೊಮ್ಮಕ್ಕ ಎಡಗೈಯಲ್ಲಿ ಒಂದು ಚೊಂಬು ಹಿಡಿದು ಇಳಿದು ಬಂದಳು. ಗಂಗೋತ್ರಿಯ ಹಿಂದೆ ನಿಂತು ಗದರಿದಳು:

"ಅದೇನೇ ರೀ, ಮೇಡಮ್ಮು? ಬೋರಿಂಗ್ ಹತ್ರ ಅವೆಲ್ಲ ಇಲ್ಲ. ಲೇ ನಾಗಿ, ಕಳ್ ಮುಂಡೇ, ಮೂರು ಸಲ ವಾಲ್ ಮುಚ್ದೋಳಿಗೆ ಒಂದ್ ಬಿಂದಿಗೆ ಸಾಲ್ದೇ? ಸರ್ಕೊಳ್ಳೇ ಅತ್ಲಾಗೆ!"

ನಾಗವೇಣಿ ತಿರುಗಿ ನೋಡಲಿಲ್ಲ. ಮುಖ ಒರೆಸಿಕೊಂಡಳು. "ಎಲ್ಡೇ ಸಲ ಕಣೇ ಮುದ್ಕಿ," ಎಂದು, ಒಂದು ಹೆಜ್ಜೆ ಸರಿದುಕೊಂಡಳು.